ಊಟ ಬಿಟ್ಟ ಹಾವು: ನನ್ನ ಅನುಭವ

ನಾನು ಸಾಕಿರುವುದು ಗಂಡು ಬಾಲ್ ಪೈಥಾನ್, ಹೆಬ್ಬಾವಿನ ಬಳಗದ ಒಂದು ಹಾವು. ಊಟ ಬಿಡುವುದಕ್ಕೇ ಹೆಸರಾದ ಜಾತಿ ಇದು. ಬೆಳೆದು ಗಟ್ಟಿಯಾಗಿರುವ ಹಾವು, ಅದರಲ್ಲೂ ಗಂಡು, ಕೂಡುವ ಕಾಲದಲ್ಲಿ ತಿಂಗಳುಗಟ್ಟಲೆ ಏನೂ ಮುಟ್ಟದೆ ಇರಬಲ್ಲದು. ಇದೆಲ್ಲ ಮೊದಲೇ ಗೊತ್ತಿತ್ತು. ಆದರೂ ಅದು ಇಲಿಯ ಹತ್ತಿರ ಬಂದು, ನಾಲಿಗೆ ಆಡಿಸಿ, ಮುಖ ತಿರುಗಿಸಿಕೊಂಡು ಹೋದಾಗ ಮನಸ್ಸಿಗೆ ಕಸಿವಿಸಿ ಆಗೇ ಆಗುತ್ತದೆ.

ಮೊದಲು ತೂಕ ಬರೆದಿಡಲು ಶುರು ಮಾಡಿದೆ. ಅಡುಗೆಮನೆಯಲ್ಲಿ ಬಳಸುವಂಥ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳ ಇರುವ ಡಬ್ಬಿಯಲ್ಲಿ ಹಾವನ್ನು ಇಟ್ಟು ವಾರಕ್ಕೊಮ್ಮೆ ತೂಗುತ್ತಿದ್ದೆ. ಎಷ್ಟು ವಾರದಿಂದ ತಿಂದಿಲ್ಲ ಅನ್ನುವುದಕ್ಕಿಂತ ಎಷ್ಟು ಗ್ರಾಂ ಇಳಿದಿದೆ ಅನ್ನುವುದೇ ನನಗೆ ಮುಖ್ಯವಾಗಿತ್ತು. ಶೇಕಡಾ 10ರಷ್ಟು ಇಳಿದರೆ ವೈದ್ಯರ ಹತ್ತಿರ ಹೋಗುವುದು ಅಂತ ಗೆರೆ ಹಾಕಿಕೊಂಡೆ. ಅಂದಹಾಗೆ, ಹಾವು ಹಿಕ್ಕೆ ಹಾಕಿದ ವಾರ ತೂಕ ಒಮ್ಮೆಲೇ ಇಳಿದಂತೆ ಕಾಣುತ್ತದೆ. ಅದಕ್ಕೆ ಗಾಬರಿ ಬೇಡ.

ಆಮೇಲೆ ಬಿಸಿಯ ವಿಷಯ. ನನ್ನ ಅನಿಸಿಕೆಯಲ್ಲಿ ಮುಕ್ಕಾಲು ಪಾಲು ತೊಂದರೆ ಇರುವುದು ಇಲ್ಲೇ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಮೈ ತಣ್ಣಗಿದ್ದರೆ ನುಂಗಿದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆತು, ವಾಂತಿಯಾಗಿ ಹೊರಬರಬಹುದು. ಹಾಗಾಗಿ ಚಳಿಯಲ್ಲಿರುವ ಹಾವು ತಿನ್ನದೆ ಇರುವುದೇ ಜಾಣತನ, ಅಲ್ವಾ? ಹಾವಿರುವ ಗಾಜಿನ ಪೆಟ್ಟಿಗೆಯ ಬೆಚ್ಚಗಿನ ತುದಿಯಲ್ಲಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 25ರಿಂದ 27 ಇರಬೇಕು. ಗಾಜಿಗೆ ಅಂಟಿಸುವ ಮುಳ್ಳಿನ ಮಾಪಕ ಗೋಡೆಯ ಬಿಸಿ ಹೇಳುತ್ತದೆ, ಹಾವು ಮಲಗುವ ನೆಲದ್ದಲ್ಲ. ವೈರ್ ಇರುವ ಡಿಜಿಟಲ್ ಮಾಪಕ ತಂದು, ಅದರ ತುದಿಯನ್ನು ಅಡಗುಗೂಡಿನ ಒಳಗೆ, ನೆಲಕ್ಕೆ ಇಟ್ಟು ನೋಡಿದೆ. ಮುಳ್ಳು ತೋರಿಸುತ್ತಿದ್ದದ್ದಕ್ಕಿಂತ ಸಾಕಷ್ಟು ಕಡಿಮೆ ಇತ್ತು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಅನ್ನು ಆ ಲೆಕ್ಕಕ್ಕೆ ಹೊಂದಿಸಿದೆ. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಲೇಬಾರದು. ಮೈ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಏಳದೇ ಇರಬಹುದು.

ಅಡಗುಗೂಡು ಎರಡು ಬೇಕು, ಎರಡೂ ತುದಿಯಲ್ಲಿ. ಒಳಗೆ ಸುತ್ತಿಕೊಂಡಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟು ಇರಲಿ. ಪೆಟ್ಟಿಗೆಯ ಮೂರು ಬದಿಯ ಗಾಜಿಗೆ ಕಪ್ಪು ಕಾಗದ ಹಚ್ಚಿದೆ. ತೇವಾಂಶ ಶೇಕಡಾ 60ರ ಆಸುಪಾಸಿಗೆ ತಂದೆ. ಕಣ್ಣು ನೀಲಿಗಟ್ಟಿ ಪೊರೆ ಬಿಡುವ ಹೊತ್ತಿನಲ್ಲಂತೂ ಇಲಿ ತೋರಿಸುವುದನ್ನೇ ಬಿಟ್ಟೆ.

ಇಷ್ಟಾದ ಮೇಲೆ ಕಷ್ಟದ ಕೆಲಸ: ಸುಮ್ನೆ ಇರುವುದು. ತೂಗುವಾಗ ಬಿಟ್ಟರೆ ಹಾವನ್ನು ಮುಟ್ಟಲಿಲ್ಲ. ದಿನಾ ಇಲಿ ಹಿಡಿದು ಅದರ ಬಾಗಿಲಲ್ಲಿ ನಿಂತರೆ ಅದಕ್ಕೆ ಒತ್ತಡ ಜಾಸ್ತಿ ಆಗುತ್ತದೆಯೇ ಹೊರತು ಹಸಿವಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಮಾತ್ರ ಕೊಟ್ಟು ನೋಡುತ್ತಿದ್ದೆ.

ಕೊಡುವ ರೀತಿಯಲ್ಲಿ ಬಹಳ ವ್ಯತ್ಯಾಸ ಇದೆ. ಫ್ರೀಜರ್‌ನ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸುತ್ತೇನೆ. ಕೊಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಮುಳುಗಿಸಿ, ಮೈ 38 ಡಿಗ್ರಿ ಹತ್ತಿರ ಬರುವಂತೆ ಮಾಡುತ್ತೇನೆ. ತಲೆಯ ಭಾಗ ಸ್ವಲ್ಪ ಹೆಚ್ಚು ಬೆಚ್ಚಗಿದ್ದರೆ ಒಳ್ಳೆಯದು. ಈ ಹಾವಿನ ತುಟಿಯ ಅಂಚಿನಲ್ಲಿ ಬಿಸಿ ಗುರುತಿಸುವ ಗುಳಿಗಳಿವೆ. ತಣ್ಣಗಿನ ಇಲಿ ಅದರ ಪಾಲಿಗೆ ಕಲ್ಲಿದ್ದ ಹಾಗೆ. ಮೈಕ್ರೋವೇವ್ ಬೇಡವೇ ಬೇಡ, ಇಲಿ ಒಳಗೆ ಬೆಂದು ಒಡೆಯುತ್ತದೆ. ಕತ್ತಲಾದ ಮೇಲೆ, ದೀಪ ಆರಿಸಿ, ಉದ್ದದ ಇಕ್ಕುಳದಲ್ಲಿ ಹಿಡಿದು ನೆಲದ ಮೇಲೆ ನಿಧಾನ ಎಳೆಯುತ್ತೇನೆ. ಮುಖಕ್ಕೆ ತಿವಿದರೆ ಹೆದರಿ ಸುರುಟಿಕೊಳ್ಳುತ್ತದೆ. ತೆಗೆದುಕೊಳ್ಳದಿದ್ದರೆ ಗೂಡಿನ ಬಾಗಿಲಲ್ಲಿ ಬಿಟ್ಟು ಹೋಗಿ, ಬೆಳಿಗ್ಗೆ ಎತ್ತಿ ಬಿಸಾಡುತ್ತೇನೆ.

ಹಾಗೆ ಬಿಟ್ಟುಹೋದ ಇಲಿಯನ್ನೇ ಒಂದು ರಾತ್ರಿ ತಿಂದಿತ್ತು. ಮಾಮೂಲಿಗಿಂತ ಚಿಕ್ಕ ಇಲಿ ಅದು. ದೀರ್ಘ ಉಪವಾಸದ ನಂತರ ದೊಡ್ಡದು ಕೊಡಬಾರದು. ಅದಾದ ಮೇಲೆ 48 ಗಂಟೆ ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ಮುಂದಿನ ಊಟವೂ ಅದೇ ಅಳತೆಯದ್ದು.

ಜೀವಂತ ಇಲಿ ಬಿಡು ಅಂತ ಹೇಳಿದವರು ಬೇಕಾದಷ್ಟು ಜನ. ನಾನು ಬಿಡಲಿಲ್ಲ. ತಿನ್ನುವ ಮನಸ್ಸಿಲ್ಲದ ಹಾವು ಸುಮ್ಮನೆ ಕೂತಿರುತ್ತದೆ, ಇಲಿ ಅದರ ಬೆನ್ನನ್ನೇ ಕಡಿದು ಆಳದ ಗಾಯ ಮಾಡುತ್ತದೆ. ಬಾಯಿ ತೆರೆಸಿ ತುರುಕುವುದಂತೂ ಮನೆಯಲ್ಲಿ ಮಾಡುವ ಕೆಲಸವಲ್ಲ.

ಕಾಯುವುದಕ್ಕೂ ಮಿತಿ ಇದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಬಾಯಿಯ ಒಳಗೆ ಕೆಂಪಗಾಗುವುದು ಅಥವಾ ಹಳದಿ ಗಟ್ಟಿ ಕೀವು ಇರುವುದು, ಬೆನ್ನುಮೂಳೆ ಎದ್ದು ಕಾಣುವುದು: ಇದರಲ್ಲಿ ಒಂದು ಕಂಡರೂ ಸರೀಸೃಪಗಳ ಬಗ್ಗೆ ತಿಳಿದ ವೈದ್ಯರಿಗೆ ತೋರಿಸಿ. ಹೋಗುವಾಗ ಹೊಸ ಹಿಕ್ಕೆಯನ್ನೂ ಒಯ್ಯಿರಿ, ಹೊಟ್ಟೆಯ ಹುಳ ಪರೀಕ್ಷೆಗೆ ಬೇಕಾಗುತ್ತದೆ. ಮರಿ ಹಾವುಗಳ ವಿಷಯದಲ್ಲಿ ನನ್ನಷ್ಟು ತಾಳ್ಮೆ ಬೇಡ. ಅವುಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ಕಡಿಮೆ, ಬೇಗ ಸೊರಗುತ್ತವೆ.