ತುಪ್ಪಳದ ಅಂಚಿನ ಉಣ್ಣೆ ಕೋಟು ಹೊಲಿಯುವವರಿಗೆ

ನಾಟಕಕ್ಕೆ 1810ರ ಸುಮಾರಿನ ಇಂಗ್ಲಿಷ್ ಪೆಲಿಸ್ (ಹೆಂಗಸರ ಉದ್ದನೆಯ ಹೊರಗೋಟು) ಮಾದರಿಯ ಕೋಟು ಹೊಲಿಯುವುದಾದರೆ, ಉಣ್ಣೆ ಬಟ್ಟೆಗೆ ಮೊದಲೇ ಸ್ಟೀಮ್ ಇಸ್ತ್ರಿ ಕೊಟ್ಟು ಹಾಸಿ ಒಣಗಿಸಿ. ಇಲ್ಲದಿದ್ದರೆ ಆಮೇಲೆ ಕುಗ್ಗಿ ಲೈನಿಂಗ್ ಕೆಳಗೆ ಇಣುಕುತ್ತದೆ. ಮಿಷನ್ ಸೂಜಿ 16ನೇ ನಂಬರ್.

ಕೃತಕ ತುಪ್ಪಳಕ್ಕೆ ಕತ್ತರಿ ಬೇಡವೇ ಬೇಡ. ಹಿಂಬದಿಯಲ್ಲಿ ಗುರುತು ಹಾಕಿ, ಬ್ಲೇಡಿನಿಂದ ತಳದ ಬಟ್ಟೆಯನ್ನಷ್ಟೇ ಸೀಳಿ. ಕೂದಲು ತುಂಡಾದರೆ ಅಂಚು ಬೋಳಾಗುತ್ತದೆ. ಎಲ್ಲ ಪಟ್ಟಿಗಳಲ್ಲೂ ಕೂದಲು ಒಂದೇ ದಿಕ್ಕಿಗಿರಲಿ. ಜೋಡಿಸುವಾಗ ಕೂದಲನ್ನು ಒಳಕ್ಕೆ ತಳ್ಳಿ 4 ಮಿ.ಮೀ. ಉದ್ದದ ಹೊಲಿಗೆ ಹಾಕಿ, ಸಿಕ್ಕಿಕೊಂಡ ಎಳೆಗಳನ್ನು ಸೂಜಿಯಿಂದ ಎಬ್ಬಿಸಿ. ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ.

ಕೋಟಿಗೆ ಪಟ್ಟಿಯನ್ನು ಕೈಹೊಲಿಗೆಯಲ್ಲೇ ಕೂರಿಸಿ, ಡ್ರೈಕ್ಲೀನಿಗೆ ಕೊಡುವಾಗ ಬಿಚ್ಚಲು ಸುಲಭ. ಮಂಗಳೂರಿನ ಸೆಕೆಗೆ ಮೈಗೆ ಹತ್ತಿ ಲೈನಿಂಗ್, ತೋಳಿಗೆ ಮಾತ್ರ ಜಾರುವ ಬಟ್ಟೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರೋ, ಬೂಸ್ಟು ಖಂಡಿತ. ಹಳೇ ಪಂಚೆಯಲ್ಲಿ ಸುತ್ತಿಡಿ.