ಪಾಸ್‌ಪೋರ್ಟ್ ಇಲ್ದೆ ಮಸ್ಕತ್ತಿಗೆ ಹೊರಟ ಹಂಸ: ಕಾರವಾರದಲ್ಲಿ ಹಾಯಿದೋಣಿ, ಈಜು, ನೀರಾಟದ ನನ್ನ ಅನುಭವ

ನಾನು ಹುಟ್ಟಿದ್ದು ಶಿರಸಿ ಕಡೆ ಅಡಿಕೆ ತೋಟದ ಮನೇಲಿ, ಈಜು ಕಲ್ತಿದ್ದು ತೋಟದ ಕೆರೇಲಿ ಬಾಳೆದಿಂಡು ಕಟ್ಕೊಂಡು, ಸಮುದ್ರ ಅಂದ್ರೆ ವರ್ಷಕ್ಕೊಂದ್ಸಲ ಗೋಕರ್ಣಕ್ಕೆ ಹೋದಾಗ ಮೊಣಕಾಲ ತನಕ ನೀರಲ್ಲಿ ನಿಂತು ಬರೋದು, ಅಷ್ಟೇ. ಕೆಲಸದ ಮೇಲೆ ಕಾರವಾರಕ್ಕೆ ಬಂದ್ಮೇಲೆ ಹಾಯಿದೋಣಿ ಹುಚ್ಚು ಹಿಡೀತು. ಗೋವಾದಲ್ಲಿ ರಜೆ ಹಾಕಿ ಒಂದಿಷ್ಟು ದಿನ ಕಲ್ತು, ಆಮೇಲೆ ಅಲ್ಲೇ ಒಂದು ಸೆಕೆಂಡ್ ಹ್ಯಾಂಡ್ ದೋಣಿ ತಗೊಂಡೆ. 22 ಅಡಿ, ಫೈಬರ್, ಒಂದು ಕಂಬ, ಎರಡು ಹಾಯಿ, ದೋಣಿ ಪಕ್ಕಕ್ಕೆ ಜಾರದ ಹಾಗೆ ನೀರೊಳಗೆ ಇಳಿದಿರೋ ಕೀಲ್ ಅನ್ನೋ ಹಲಗೆ ಮೇಲೆತ್ತಬಹುದು, ಹಿಂದೆ ಒಂದು ಸಣ್ಣ ಓಬಿಎಂ, ಅಂದ್ರೆ ಹೊರಗೆ ತಗುಲಿಸೋ ಇಂಜಿನ್. ದುಡ್ಡು ತಗೊಂಡು ಜನರನ್ನ ಕರ್ಕೊಂಡು ಹೋಗೋದಿಲ್ಲ, ಅದಕ್ಕೆ ಬೇರೆ ಲೈಸೆನ್ಸು ಬೇರೆ ತಲೆನೋವು. ಮನೆಯವರು, ಫ್ರೆಂಡ್ಸು, ಇಷ್ಟೇ.

ಮೊದಲನೇ ವರ್ಷ ನಡೆದದ್ದು ಹೇಳ್ಬಿಡ್ತೀನಿ, ಯಾಕಂದ್ರೆ ಈಗ ನಾನು ಮಾಡೋದೆಲ್ಲ ಆ ಒಂದು ಬೆಳಗ್ಗೆಯಿಂದ ಕಲ್ತಿದ್ದು.

ಹುಬ್ಬಳ್ಳಿಯಿಂದ ನಾಲ್ಕು ಜನ ಫ್ರೆಂಡ್ಸ್ ಬಂದಿದ್ರು, ಬರುವಾಗ ಆನ್‌ಲೈನಲ್ಲಿ ತರಿಸಿದ್ದ ಒಂದು ದೊಡ್ಡ ಬಿಳಿ ಹಂಸ, ಗಾಳಿ ತುಂಬ್ಸೋದು, ಅದನ್ನೂ ತಂದಿದ್ರು. ಬೆಳಗ್ಗೆ ಎಂಟು ಗಂಟೆಗೆ ಕಾರವಾರದ ಪಕ್ಕದ ದೇವಬಾಗ ಬೀಚಿನ ಹೊರಬದಿಗೆ ಲಂಗರು ಹಾಕಿದ್ವಿ. ಸಮುದ್ರ ಕೆರೆ ಥರ, ಒಂದು ಅಲೆ ಇಲ್ಲ, ಬೆನ್ನಿಗೆ ತಣ್ಣಗೆ ಸಣ್ಣ ಗಾಳಿ, ಸ್ವರ್ಗ ಅಂದ್ರೆ ಇದೇ ಅಂದ್ಕೊಂಡು ಎಲ್ರೂ ನೀರಿಗೆ ಹಾರಿದ್ವಿ. ಒಬ್ಬ ಹಂಸದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಹತ್ತು ನಿಮಿಷ ಆದ್ಮೇಲೆ ತಿರುಗಿ ನೋಡಿದ್ರೆ ಹಂಸ ಎಲ್ಲಿ? ಇನ್ನೂರು ಮೀಟರ್ ಆಚೆ, ಪಶ್ಚಿಮಕ್ಕೆ ಮುಖ ಮಾಡಿ, ಪಾಸ್‌ಪೋರ್ಟ್ ಇಲ್ದೆ ಮಸ್ಕತ್ತಿಗೆ ಹೊರಟಿತ್ತು. ಇವನನ್ನ ಕರೆತರೋಕೆ ಇನ್ನೊಬ್ಬನನ್ನ ಕಯಾಕ್ ಕೊಟ್ಟು ಕಳಿಸಿದೆ, ಹೋಗುವಾಗ ಬಾಣದ ಹಾಗೆ ಹೋದ, ವಾಪಸ್ ಬರೋಕೆ ಎಷ್ಟು ಹುಟ್ಟು ಹಾಕಿದ್ರೂ ಇದ್ದಲ್ಲೇ. ಈಗ ಒಬ್ಬನ ಬದಲು ಇಬ್ಬರು. ಇಂಜಿನ್ ಎಳೀತೀನಿ, ಎಳೀತೀನಿ, ಸ್ಟಾರ್ಟ್ ಆಗಿ ಆಗಿ ಆಫ್. ಆಮೇಲೆ ಗೊತ್ತಾಗಿದ್ದು, ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಮೇಲೆ ಗಾಳಿ ಹೋಗೋಕೆ ಒಂದು ಸಣ್ಣ ತಿರುಪು ಇರ್ತದಲ್ಲ, ಅದನ್ನ ಬಿಚ್ಚೇ ಇರ್ಲಿಲ್ಲ.

ಅಷ್ಟೊತ್ತಿಗೆ ಮೀನು ಹಿಡಿದು ವಾಪಸ್ ಬರ್ತಿದ್ದ ಒಂದು ದೋಣಿಯವರು ಇಬ್ಬರನ್ನೂ ಹಂಸ ಸಮೇತ ಎಳ್ಕೊಂಡು ಬಂದು ಕೊಟ್ರು. ನಕ್ಕಿದ್ದೇ ನಕ್ಕಿದ್ದು. ಅದರಲ್ಲಿ ವಯಸ್ಸಾದವರೊಬ್ಬರು ಹೇಳಿದ್ರು, "ಬೆಳಗ್ಗಿನ ಗಾಳಿ ಮನೆಯಿಂದ ಹೊರಗೆ ದೂಡ್ತದೆ, ಮಧ್ಯಾಹ್ನದ ಗಾಳಿ ಮನೆಗೆ ಕರ್ಕೊಂಡು ಬರ್ತದೆ. ಇಷ್ಟೂ ಗೊತ್ತಿಲ್ದೆ ದೋಣಿ ತಗೊಂಡ್ಯಾ ಮಾರಾಯಾ?" ಅವರ ಮಗನೇ ಈಗ ನನ್ನ ಜೊತೆಗಾರ. ಅವನನ್ನ ನಾನು ತಾಂಡೇಲ, ಅಂದ್ರೆ ದೋಣಿಯ ಮುಖ್ಯಸ್ಥ, ಅಂತಲೇ ಕರೆಯೋದು, ದೋಣಿ ಮೇಲೆ ಅವನ ಮಾತೇ ಕೊನೆ.

ಆ ಅಜ್ಜ ಹೇಳಿದ್ದರಲ್ಲೇ ಇಡೀ ದಿನದ ಟೈಮ್‌ಟೇಬಲ್ ಇದೆ. ರಾತ್ರಿ ನೆಲ ಬೇಗ ತಣ್ಣಗಾಗ್ತದೆ, ಸಮುದ್ರ ಅಷ್ಟು ಬೇಗ ಆಗಲ್ಲ, ಹಂಗಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೂಡಗಾಳಿ ಬೀಸ್ತದೆ, ಅದರಲ್ಲೂ ಕಾಳಿ ನದಿ ಕಣಿವೆಯಿಂದ ಕೊಳವೇಲಿ ಊದಿದ ಹಾಗೆ ಬರ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಉಲ್ಟಾ, ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ. ಇಂಜಿನ್ ಇಲ್ಲದ ಕಾಲದಲ್ಲಿ ಮೀನುಗಾರರು ಇದನ್ನೇ ನಂಬಿ ಬೆಳಗ್ಗೆ ಹೋಗಿ ಮಧ್ಯಾಹ್ನ ಬರ್ತಿದ್ರು. ಇವೆರಡರ ಮಧ್ಯೆ, ಸುಮಾರು ಹತ್ತರಿಂದ ಹನ್ನೊಂದೂವರೆ, ಗಾಳಿ ಬದಲಾಗೋ ಹೊತ್ತು, ಎಲ್ಲ ಸ್ತಬ್ಧ, ಹಾಯಿ ಒಣಗಿಸಿದ ಪಂಚೆ ಹಾಗೆ ಜೋತಾಡ್ತದೆ. ಹಾಯಿ ಬಿಡೋರಿಗೆ ಅದು ಬೋರು, ಆದ್ರೆ ಈಜೋಕೆ, ಆಟಿಕೆ ಇಳಿಸೋಕೆ ಅದೇ ಹೊತ್ತು. ನಾವು ಮಾಡಿದ ತಪ್ಪು ಅಂದ್ರೆ ಎಂಟು ಗಂಟೆಗೆ ನೀರು ಸಮ ಇದೆ ಅಂತ ನಂಬಿದ್ದು. ದಡದ ಹತ್ರ ಮೂಡಗಾಳಿಗೆ ಅಲೆ ಏಳೋಕೆ ಜಾಗವೇ ಇರಲ್ಲ, ಗಾಳಿ ಇರ್ತದೆ ಆದ್ರೆ ಕಾಣ್ಸಲ್ಲ, ಜೊತೆಗೆ ಅವತ್ತು ಕಾಳಿ ಅಳಿವೆಯಿಂದ ಇಳಿತದ ಸೆಳೆತ ಬೇರೆ. ಹಂಸದ ಕುತ್ತಿಗೆಯೇ ಒಂದು ಹಾಯಿ, ಕೆಳಗೆ ನೀರು ಹಿಡಿಯೋಕೆ ಏನೂ ಇಲ್ಲ, ಹೋಗದೆ ಏನ್ಮಾಡ್ತದೆ.

ಈಗ ಹೇಗೆ ಮಾಡ್ತೀನಿ ಅಂತ ಹೋದ ಜನವರಿಯ ಒಂದು ಭಾನುವಾರದ ಕಥೆ ಹೇಳ್ತೀನಿ. ಶಿರಸಿಯಿಂದ ಅತ್ತೆ, ಅವರ ಮಗ ಸೊಸೆ, ಇಬ್ಬರು ಮೊಮ್ಮಕ್ಕಳು ಶನಿವಾರ ಸಂಜೆನೇ ಬಂದು ಉಳ್ಕೊಂಡಿದ್ರು. ಅತ್ತೆಗೆ ಅರವತ್ತೆಂಟು. ರಾತ್ರಿನೇ ಘೋಷಣೆ ಆಯ್ತು, "ಆನು ನೀರಿಗೆ ಇಳಿತ್ನಿಲ್ಲೆ ತಮಾ, ದೋಣಿಲಿ ಕೂತ್ಕಂಡು ನೋಡ್ತಿ ಅಷ್ಟೇಯಾ." ಆಯ್ತು ಅಂದೆ.

ಏಳು ಗಂಟೆಗೆ ಕಾಳಿ ದಡದ ಕೋಡಿಬಾಗದಲ್ಲಿ ದೋಣಿ ಹತ್ತಿದ್ವಿ. ನಮ್ಮ ದೋಣಿ ಕಾಳಿ ಸೇತುವೆಯಿಂದ ಪಶ್ಚಿಮಕ್ಕೇ ಇರೋದು, ಕಂಬ ಇದೆಯಲ್ಲ, ಸೇತುವೆ ಕೆಳಗೆ ನುಗ್ಗಿಸೋ ಸಾಹಸ ನಂಗೆ ಬೇಡ. ತಿಂಡಿ ಬಗ್ಗೆ ನಂದು ಒಂದೇ ಕಾನೂನು, ಹೊರಡೋ ಮುಂಚೆ ಎಣ್ಣೆ ತಿಂಡಿ ಇಲ್ಲ. ಖಾಲಿ ಹೊಟ್ಟೆನೂ ಕೆಟ್ಟದ್ದು, ಎರಡು ಇಡ್ಲಿ ಸರಿ. ತಲೆ ತಿರುಗೋ ಸ್ವಭಾವದವರು ಮಾತ್ರೆನ ದೋಣಿ ಹತ್ತೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೆನೇ ತಗೋಬೇಕು, ವಾಂತಿ ಶುರುವಾದ ಮೇಲೆ ಕೊಟ್ರೆ ಅದೂ ಹೊರಗೇ ಬರ್ತದೆ. ಮೊಬೈಲ್ ನೋಡ್ಬಾರದು, ದೂರದ ದಿಗಂತ ನೋಡ್ತಾ ಕೂರಬೇಕು. ಅತ್ತೆ ಮಗ ಇದನ್ನ ಕೇಳ್ಲಿಲ್ಲ, ಫೋಟೋ ಎಡಿಟ್ ಮಾಡ್ತಾ ಕೂತ, ಅವನ ಇಡ್ಲಿ ಮೀನಿಗೆ ಹೋಯ್ತು.

ಲೈಫ್ ಜಾಕೆಟ್ ಬಗ್ಗೆ ಕಾರವಾರದವರಿಗೆ ಯಾರೂ ಭಾಷಣ ಮಾಡೋ ಅಗತ್ಯ ಇಲ್ಲ. 2019ರ ಜನವರಿ 21ಕ್ಕೆ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರು, ಅದೇ ನೀರಲ್ಲೇ ನಾವು ಹೋಗೋದು. ಮೊದಲು ನಾನು ಒಂದು ಅಂಗಡಿಯಿಂದ ಚೀಪಾಗಿ ಆರು ಜಾಕೆಟ್ ತಂದಿದ್ದೆ, ಮನೆಗೆ ತಂದು ಬಿಚ್ಚಿ ನೋಡಿದ್ರೆ ಒಳಗೆ ಪ್ಯಾಕಿಂಗ್ ಥರ್ಮೋಕೋಲ್ ಚೂರುಗಳು. ಎಲ್ಲ ಎಸೆದು ಸರಿಯಾದ್ದು ತಗೊಂಡೆ. ಮಕ್ಕಳದ್ದು ತಗೋವಾಗ ಕಾಲ ಸಂದಿಯಿಂದ ಬರೋ ಪಟ್ಟಿ ಇರೋದೇ ಬೇಕು, ಇಲ್ಲಾಂದ್ರೆ ನೀರಿಗೆ ಬಿದ್ದ ತಕ್ಷಣ ಜಾಕೆಟ್ ಮೇಲೆ ಕಿವಿಗೆ ಬರ್ತದೆ, ಮಗು ಕೆಳಗೆ ಜಾರ್ತದೆ. ಹಾಕಿದ ಮೇಲೆ ಭುಜದ ಹತ್ರ ಹಿಡಿದು ಮೇಲೆತ್ತಿ ನೋಡಿ, ಮಗು ಜೊತೆಗೇ ಎದ್ದು ಬಂದ್ರೆ ಸರಿ.

ಅಳಿವೆ ದಾಟಿ ಎರಡೂ ಹಾಯಿ ಬಿಚ್ಚಿ ಇಂಜಿನ್ ಆಫ್ ಮಾಡಿದಾಗ ಆಗೋ ನಿಶ್ಶಬ್ದ ಇದೆಯಲ್ಲ, ಅದಕ್ಕೋಸ್ಕರವೇ ನಾನು ಈ ಕಷ್ಟ ಎಲ್ಲ ಪಡೋದು. ಬೆನ್ನ ಹಿಂದೆ ಸದಾಶಿವಗಡ, ಅದರ ಹಿಂದೆ ಘಟ್ಟದ ಸಾಲು, ಎದುರಿಗೆ ಕೂರ್ಮಗಡ ಆಮೆ ಥರ ಕೂತಿದೆ, ಅದರ ಆಚೆ ಎಡಕ್ಕೆ ದೇವಗಡದ ಲೈಟ್‌ಹೌಸ್. ಮೂಡಗಾಳಿ ಹಿಂದಿನಿಂದ ದೂಡ್ತಾ ಇರ್ತದೆ, ನಡೆದಷ್ಟೇ ಸ್ಪೀಡು. ನಾಲ್ಕೈದು ಕಿಲೋಮೀಟರಿಗೆ ಗಂಟೆ ಮೇಲೆ ಬೇಕು. ದಾರೀಲಿ ಡಾಲ್ಫಿನ್ ಮೂರು ಸಲ ಬೆನ್ನು ತೋರಿಸಿದ್ವು, ಚಿಕ್ಕವಳು ಕಿರುಚಿದ ಶಬ್ದಕ್ಕೆ ನಾಲ್ಕನೇ ಸಲ ಬರ್ಲಿಲ್ಲ. ಬಂದವರೆಲ್ಲ ಕೇಳೋದು ಅಂಜುದೀವ್ ನಡುಗಡ್ಡೆಗೆ ಹೋಗೋಣ್ವಾ ಅಂತ, ಅದು ನೌಕಾಪಡೆ ಜಾಗ, ಆ ಕಡೆ ತಲೆ ಹಾಕೋ ಹಾಗಿಲ್ಲ, ಡ್ರೋನ್ ತಂದವರು ಅದನ್ನ ಮನೇಲೇ ಬಿಟ್ಟು ಬನ್ನಿ.

ಲಂಗರು ಹಾಕೋದು ಕೂರ್ಮಗಡದ ಮೂಡು ಬದಿಗೆ. ಯಾಕೆ ಅಂದ್ರೆ ಬೆಳಗಿನ ಗಾಳಿ ಸ್ವಲ್ಪ ಉಳಿದಿದ್ರೂ ಕೈತಪ್ಪಿದ ಆಟಿಕೆ ನಡುಗಡ್ಡೆಗೆ ಹೋಗಿ ತಾಗ್ತದೆ, ಮಸ್ಕತ್ತಿಗೆ ಹೋಗಲ್ಲ, ಆಮೇಲೆ ಕಡಲಗಾಳಿ ಶುರುವಾದ್ರೆ ಗುಡ್ಡವೇ ನಮಗೆ ಮರೆ. ಆದ್ರೆ ಲಂಗರು ಜಾರಿದ್ರೆ ದೋಣಿನೂ ಬಂಡೆಗೇ ಹೋಗಿ ತಾಗ್ತದೆ, ಅದಕ್ಕೆ ನೂರೈವತ್ತು ಮೀಟರ್ ದೂರವೇ ನಿಲ್ಲೋದು. ಐದು ಮೀಟರ್ ಆಳ ಇದ್ರೆ ಮೂವತ್ತು ಮೀಟರ್ ಹಗ್ಗ ಬಿಡಬೇಕು. ಹಗ್ಗ ಕಮ್ಮಿ ಬಿಟ್ರೆ ಲಂಗರು ನಿಂತ ಹಾಗೆ ಕಾಣ್ತದೆ, ಕಚ್ಚಿರಲ್ಲ. ದಡದ ಎರಡು ಗುರುತು, ಒಂದು ಮರ ಒಂದು ಬಂಡೆ, ಒಂದೇ ಗೆರೇಲಿ ನೋಡ್ಕೊಂಡು ಹದಿನೈದು ನಿಮಿಷ ಕಾದು ಗೆರೆ ತಪ್ಪಿಲ್ಲ ಅಂದ್ರೆ ಮಾತ್ರ ಜನ ನೀರಿಗೆ.

ಅದಕ್ಕೂ ಮುಂಚೆ ಏಣಿ. ನಗಬೇಡಿ, ಏಣಿ ಇಳಿಸದೆ ಹಾರಿದವರನ್ನ ಮೇಲೆತ್ತೋದು ಬಾವಿಯಿಂದ ಎಮ್ಮೆ ಎತ್ತಿದ ಹಾಗೆ, ನಾನು ಮಾಡಿದೀನಿ. ಓಬಿಎಂನ, ಎಳೆದ್ರೆ ಇಂಜಿನ್ ನಿಲ್ಲೋ ಕೆಂಪು ದಾರ ಇರ್ತದಲ್ಲ, ಅದನ್ನ ಎಳೆದು ತಾಂಡೇಲನ ಜೇಬಿಗೆ, ನೀರಲ್ಲಿ ಒಬ್ಬನೇ ಒಬ್ಬ ಇದ್ರೂ ಇಂಜಿನ್ ತಿರುಗಬಾರದು. ದೋಣಿ ಹಿಂಭಾಗದಿಂದ 25 ಮೀಟರ್ ತೇಲೋ ಹಗ್ಗ, ತುದಿಗೆ ಖಾಲಿ ಕ್ಯಾನು, ಇದನ್ನ ಮಕ್ಕಳು ಬಾಲ ಅಂತಾರೆ. ಯಾರಿಗೇ ಸುಸ್ತಾದ್ರೂ ದೋಣಿ ಕಡೆ ಈಜಬೇಡಿ, ಬಾಲ ಹಿಡ್ಕೊಳ್ಳಿ ಅಂತ ಹೇಳಿರ್ತೀನಿ. ದೋಣಿ ಸೆಳೆತಕ್ಕೆ ಮುಖ ಮಾಡಿ ನಿಂತಿರೋವಾಗ ಜನ ತೇಲಿ ಹೋಗೋದು ಹೆಚ್ಚುಕಮ್ಮಿ ಬಾಲದ ಕಡೆಗೇ. ಮತ್ತೆ ನಾನು ತಾಂಡೇಲ ಇಬ್ಬರೂ ಒಟ್ಟಿಗೆ ನೀರಿಗೆ ಇಳಿಯಲ್ಲ, ಒಬ್ಬ ಮೇಲೆ ಕೂತು ತಲೆ ಎಣಿಸ್ತಾ ಇರಬೇಕು.

ಆಟಿಕೆ ವಿಷಯದಲ್ಲಿ ನಾನು ದುಡ್ಡು ಹಾಳು ಮಾಡಿದ್ದೇ ಜಾಸ್ತಿ. ಸ್ನಾರ್ಕೆಲ್ ಮಾಸ್ಕ್ ಆರು ತಗೊಂಡೆ, ಇಲ್ಲಿ ಕಾಳಿ ನೀರು ಬಂದು ಸೇರೋದ್ರಿಂದ ನಿಮ್ಮ ಕೈನೇ ನಿಮಗೆ ಮಸುಕು, ಅದಕ್ಕೆಲ್ಲ ಮುರ್ಡೇಶ್ವರದ ಆಚೆ ನೇತ್ರಾಣಿಗೇ ಹೋಗ್ಬೇಕು. ನಿಂತು ಹುಟ್ಟು ಹಾಕೋ ಬೋರ್ಡ್ ಒಳ್ಳೇದು, ಕಾಲಿಗೆ ದಾರ ಕಟ್ಕೊಂಡೇ ಹತ್ತಬೇಕು, ಬಿದ್ದಾಗ ಬೋರ್ಡ್ ಒಂದು ಕಡೆ ನೀವು ಒಂದು ಕಡೆ ಆಗ್ಬಾರದು. ಇಬ್ಬರು ಕೂರೋ ಕಯಾಕ್ ಒಂದೇ ಸಾಕು. ಸೌತೆಕಾಯಿ ಥರದ ಫೋಮ್ ನೂಡಲ್ಸ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಜಾಸ್ತಿ ಬಳಕೆ. ಹಂಸ ಈಗ್ಲೂ ಇದೆ, ಎರಡು ಪಂಕ್ಚರ್ ಹಾಕಿಸ್ಕೊಂಡು, ಎಂಟು ಮೀಟರ್ ಹಗ್ಗಕ್ಕೆ ಕರು ಕಟ್ಟಿದ ಹಾಗೆ ಕಟ್ಟಿಯೇ ಬಿಡೋದು.

ಅತ್ತೆ ಹತ್ತೂವರೆ ತನಕ ಕೂತಲ್ಲಿಂದ ಅಲುಗಾಡ್ಲಿಲ್ಲ. ಆಮೇಲೆ ಏಣಿಯ ಕೊನೇ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ರು. ಸೊಸೆ ಏನೂ ಹೇಳ್ದೆ ತನ್ನ ಬ್ಯಾಗಿಂದ ಒಂದು ಚೂಡಿದಾರ್ ತೆಗೆದು ಪಕ್ಕಕ್ಕೆ ಇಟ್ಟಳು. ಹನ್ನೊಂದಕ್ಕೆ ನೋಡ್ತೀನಿ, ಅತ್ತೆ ಲೈಫ್ ಜಾಕೆಟ್ ಹಾಕ್ಕೊಂಡು, ಎರಡೂ ಕೈಯಲ್ಲಿ ಬಾಲ ಹಿಡ್ಕೊಂಡು, ಆಕಾಶ ನೋಡ್ತಾ ತೇಲ್ತಾ ಇದ್ದಾರೆ. ಮಾತಿಲ್ಲ. ಮೊಮ್ಮಗ ನೀರು ಎರಚಿದ್ದಕ್ಕೆ ಮಾತ್ರ, "ಸುಮ್ನಿರೋ, ಎಂಗೆ ಈಗ ಹಿತಾಗ್ತಾ ಇದ್ದು."

ಊಟ ಹನ್ನೆರಡಕ್ಕೆ, ಎಲ್ಲರೂ ಮೇಲೆ ಬಂದ್ಮೇಲೆ. ಮನೆಯಿಂದ ತಂದ ಚಿತ್ರಾನ್ನ, ಕಲ್ಲಂಗಡಿ, ಮುರುಗಲ ಹಣ್ಣಿನ ಪಾನಕಕ್ಕೆ ಚೂರು ಉಪ್ಪು ಜಾಸ್ತಿ. ತಾಂಡೇಲ ತನ್ನ ಇಸ್ವಾಣ ಮೀನಿನ ಫ್ರೈ ಡಬ್ಬಿ ದೋಣಿಯ ಮೂತಿ ತುದಿಗೆ ಹೋಗಿ ಕೂತು ತಿಂದ, ಪಾಪ, ಗಾಳಿ ಇಲ್ಲದ ಹೊತ್ತು ಬೇರೆ, ವಾಸನೆ ಆದ್ರೂ ಅತ್ತೆ ಏನೂ ಅನ್ನಲಿಲ್ಲ.

ಹನ್ನೆರಡೂವರೆಗೆ ದೂರದಲ್ಲಿ ನೀರಿನ ಬಣ್ಣ ಕಪ್ಪಗಾಗ್ತಾ ಬಂತು, ಅದೇ ಕಡಲಗಾಳಿ ಬರೋ ಗುರುತು. ಆಟಿಕೆ ಎಲ್ಲ ಅಷ್ಟೊತ್ತಿಗೆ ಒಳಗೆ ಕಟ್ಟಿ ಆಗಿರ್ಬೇಕು. ವಾಪಸ್ ಬರುವಾಗಲೂ ಗಾಳಿ ಹಿಂದಿನಿಂದಲೇ, ಎರಡು ಕಡೆನೂ ಅನುಕೂಲ, ಇಂಥ ಜಾಗ ಎಲ್ಲರಿಗೂ ಸಿಗಲ್ಲ. ಆದ್ರೆ ಹಿಂದಿನ ಗಾಳಿಯ ಅಪಾಯ ಅಂದ್ರೆ ಹಾಯಿಯ ಕೆಳಗಿನ ಬೂಮು, ದೋಣಿ ಸ್ವಲ್ಪ ದಾರಿ ತಪ್ಪಿದ್ರೂ ಅದು ಈ ಕಡೆಯಿಂದ ಆ ಕಡೆಗೆ ಒನಕೆ ಬೀಸಿದ ಹಾಗೆ ಬರ್ತದೆ. ಬೂಮಿಗೆ ಒಂದು ಹಗ್ಗ ಕಟ್ಟಿ ಮುಂದಕ್ಕೆ ಬಿಗಿದಿರ್ತೀನಿ, ಮಕ್ಕಳು ಕೆಳಗೇ ಕೂರಬೇಕು. ಅಲೆ ತುದಿ ಅಲ್ಲಲ್ಲಿ ಬೆಳ್ಳಗಾದ್ರೆ ದೊಡ್ಡ ಹಾಯಿ ಸಣ್ಣ ಮಾಡೋ ಹೊತ್ತಾಯ್ತು ಅಂತ, ಮಾಡ್ಲಾ ಬೇಡ್ವಾ ಅಂತ ಯೋಚನೆ ಬಂದ ತಕ್ಷಣ ಮಾಡಿಬಿಡ್ಬೇಕು.

ಇನ್ನು ಅಳಿವೆ. ಇಳಿತದ ನೀರು ಹೊರಗೆ ನುಗ್ತಾ ಇರೋವಾಗ ಎದುರಿನಿಂದ ಕಡಲಗಾಳಿ ಬಿದ್ರೆ ಮರಳದಿಬ್ಬದ ಹತ್ರ ಅಲೆ ಗೋಡೆ ಥರ ನಿಲ್ತದೆ. ಹಂಗಾಗಿ ನಾನು ದಿನ ಆರಿಸೋದೇ ಮಧ್ಯಾಹ್ನ ಎರಡರ ಸುಮಾರಿಗೆ ಭರತ, ಅಂದ್ರೆ ಉಬ್ಬರದ ನೀರು, ಒಳಗೆ ಬರ್ತಾ ಇರೋ ದಿನ. ಭರತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆ ಮೇಲೆ ಮುಂದೆ ಹೋಗ್ತಾ ಇರೋದ್ರಿಂದ ಎಲ್ಲ ಭಾನುವಾರನೂ ಹೊಂದಲ್ಲ, ಜನ ಬೇಜಾರು ಮಾಡ್ಕೋತಾರೆ, ಮಾಡ್ಕೊಳ್ಳಲಿ. ನವೆಂಬರಿಂದ ಫೆಬ್ರವರಿ ಬೆಸ್ಟು, ಏಪ್ರಿಲ್ ಮೇಲೆ ಮಧ್ಯಾಹ್ನದ ಗಾಳಿ ಜೋರು, ಜೂನ್ ಬಂತು ಅಂದ್ರೆ ದೋಣಿ ದಡಕ್ಕೆ, ತಾಡಪಾಲಿನ ಕೆಳಗೆ.

ಎರಡೂವರೆಗೆ ಕೋಡಿಬಾಗ. ಅವರು ಸ್ನಾನ ಮಾಡಿ ಹೊರಟ್ರು, ನಂಗೂ ತಾಂಡೇಲನಿಗೂ ಇನ್ನೂ ಎರಡು ಗಂಟೆ ಕೆಲಸ, ಓಬಿಎಂಗೆ ಸಿಹಿನೀರು ಓಡಿಸೋದು, ಹಾಯಿ ತೊಳೆಯೋದು, ಜಾಕೆಟ್ ನೆರಳಲ್ಲಿ ಒಣಹಾಕೋದು, ಹಂಸದ ಗಾಳಿ ಬಿಡೋದು. ರಾತ್ರಿ ಒಂಬತ್ತೂವರೆಗೆ ಶಿರಸಿಯಿಂದ ಫೋನು.

"ತಮಾ, ಮಂಚ ಇನ್ನೂ ತೂಗ್ತಾ ಇದ್ದು. ಎಂತ ಮಾಡವು?"

"ಮನಿಕ್ಯ ಅತ್ತೆ, ಬೆಳಗಾಗದ್ರೊಳಗೆ ನಿಲ್ತು."

"ನಿಲ್ಲದು ಬ್ಯಾಡದಾ," ಅಂದ್ರು.