ಮನೆಯೇ ಶಾಲೆಯಾದಾಗ: ಕ್ರೈಸ್ತ ಕುಟುಂಬದ ದಿನಚರಿಯನ್ನು ರೂಪಿಸಿಕೊಳ್ಳುವ ಬಗೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ನಿರ್ಧರಿಸಿದ ತಂದೆತಾಯಿಗಳು ಸಾಮಾನ್ಯವಾಗಿ ಶಾಲೆಯ ವೇಳಾಪಟ್ಟಿಯನ್ನೇ ತಂದು ಗೋಡೆಗೆ ಅಂಟಿಸುತ್ತಾರೆ. ಕೈಗೂಸಿಗೆ ಜ್ವರ ಬಂದ ಮೊದಲ ದಿನವೇ ಅದು ಕೈಕೊಡುತ್ತದೆ. ಗಂಟೆಗಳಿಗಿಂತ ಅನುಕ್ರಮವನ್ನು ಗೊತ್ತುಮಾಡಿಕೊಳ್ಳುವುದು ಮೇಲು: ಬೆಳಗಿನ ಪ್ರಾರ್ಥನೆ, ಅದರ ಬೆನ್ನಿಗೇ ಕಷ್ಟದ ಪಾಠ, ಊಟ, ಮನೆಗೆಲಸ, ಸಂಜೆಯ ಕುಟುಂಬ ಪ್ರಾರ್ಥನೆ ಎಂಬ ಸಾಲು ಕೆಡದಿದ್ದರೆ, ಅರ್ಧ ತಾಸು ಹೆಚ್ಚುಕಡಿಮೆಯಾದರೂ ದಿನ ಹಳಿ ತಪ್ಪುವುದಿಲ್ಲ. ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡವೆಂಬ ಪುಸ್ತಕದ 6ನೆಯ ಅಧ್ಯಾಯವು ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸುವ ಕುರಿತು ಹೇಳುವಾಗ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂಬ ಸಂದರ್ಭಗಳನ್ನೇ ಹೆಸರಿಸುತ್ತದೆ.

ಬೆಳಗಿನ ಓದಿಗೆ ದೊಡ್ಡ ಯೋಜನೆ ಬೇಕಿಲ್ಲ. ಸತ್ಯವೇದದ ಜ್ಞಾನೋಕ್ತಿಗಳೆಂಬ ಪುಸ್ತಕದಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಖಿಗೆ ತಕ್ಕ ಅಧ್ಯಾಯವನ್ನು ತೆರೆದು, ಚಿಕ್ಕವರಿದ್ದರೆ ನಾಲ್ಕೈದು ವಚನಗಳಿಗೆ ನಿಲ್ಲಿಸಬಹುದು. ಕಥನ ಬೇಕೆನಿಸಿದರೆ 16 ಅಧ್ಯಾಯಗಳ ಮಾರ್ಕನ ಸುವಾರ್ತೆಯಿಂದ ಆರಂಭಿಸುವುದು ಒಳ್ಳೆಯದು. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.

ಓದಿದ್ದನ್ನು ಪ್ರಶ್ನೆ ಕೇಳಿ ಪರೀಕ್ಷಿಸುವ ಬದಲು, ಮಗುವಿನ ಬಾಯಲ್ಲಿ ಹೇಳಿಸಿ ಕೇಳಬೇಕು. ಬ್ರಿಟನ್ನಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಈ ಕ್ರಮವನ್ನು ತಮ್ಮ ಬೋಧನೆಯ ಕೇಂದ್ರದಲ್ಲಿರಿಸಿದ್ದರು: ಪಾಠವನ್ನು ಒಂದೇ ಸಲ ಓದುವುದು, ಬಳಿಕ ಮಗು ಅದನ್ನು ತನ್ನ ಮಾತಿನಲ್ಲಿ ಹೇಳುವುದು. ಮಾರ್ಕನ 4ನೆಯ ಅಧ್ಯಾಯದ ಬಿರುಗಾಳಿಯ ಪ್ರಸಂಗವನ್ನು ಓದಿದಿರೆಂದು ಇಟ್ಟುಕೊಳ್ಳಿ. ಆರು ವರ್ಷದ ಮಗು ಗಾಳಿಯನ್ನೂ ಅಲೆಯನ್ನೂ ಬಿಟ್ಟು, ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ಮಲಗಿದ್ದನ್ನೇ ಮತ್ತೆ ಮತ್ತೆ ಹೇಳೀತು. ಆಗ ತಿದ್ದಲು ಹೋಗಬೇಡಿ. ಆ ದಿಂಬಿನ ಮಾತು ಇದೇ ಪ್ರಸಂಗವನ್ನು ಹೇಳುವ ಮತ್ತಾಯನ ಸುವಾರ್ತೆಯಲ್ಲೂ ಇಲ್ಲ, ಲೂಕನದರಲ್ಲೂ ಇಲ್ಲ. ಮಗು ಹಿಡಿದದ್ದು ಮಾರ್ಕನೊಬ್ಬನೇ ಬರೆದಿಟ್ಟ ವಿವರವನ್ನು. ಮಾತು ಮುಗಿದ ಮೇಲೆ ಅಣ್ಣನೋ ಅಕ್ಕನೋ ಬಿಟ್ಟುಹೋದದ್ದನ್ನು ಸೇರಿಸಲಿ. ಇತಿಹಾಸ, ವಿಜ್ಞಾನಗಳಿಗೂ ಇದೇ ರೀತಿ ಒಗ್ಗುತ್ತದೆ.

ಗಣಿತ ಮತ್ತು ಓದುಬರಹವನ್ನು ಮಾತ್ರ ಪ್ರತಿಯೊಬ್ಬರಿಗೂ ಅವರವರ ಮಟ್ಟಕ್ಕೆ ತಕ್ಕಂತೆ ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಚಿಕ್ಕವರಿಗೆ ಒಂದು ಪಾಠ ಹದಿನೈದು ಇಪ್ಪತ್ತು ನಿಮಿಷ ಮೀರದಿರಲಿ. ಒಬ್ಬರಿಗೆ ಹೇಳಿಕೊಡುವಾಗ ಇನ್ನೊಬ್ಬರು ಪಾತ್ರೆ ಒರೆಸುವುದೋ ಬಟ್ಟೆ ಮಡಚುವುದೋ ನಡೆದಿರಲಿ. ಮನೆಗೆಲಸವನ್ನು ಪಾಠಕ್ಕೆ ಅಡ್ಡಿಯೆಂದು ಎಣಿಸುವ ಮನೆಯಲ್ಲಿ ತಾಯಿಯೊಬ್ಬಳೇ ದಣಿಯುತ್ತಾಳೆ. ತಂದೆ ಹೊರಗೆ ದುಡಿಯುವವನಾದರೂ ಸಂಜೆಯ ಪ್ರಾರ್ಥನೆಯನ್ನೂ ಒಂದು ವಿಷಯದ ಪಾಠವನ್ನೂ ವಹಿಸಿಕೊಳ್ಳಬಲ್ಲ.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ: ಸತ್ಯವೇದವನ್ನು ಎಂದಿಗೂ ದಂಡನೆಗೆ ಬಳಸಬಾರದು. ತಂಗಿಯನ್ನು ತಳ್ಳಿದ ಹುಡುಗನಿಗೆ ಹತ್ತು ವಚನ ಬರೆಯುವ ಶಿಕ್ಷೆ ಕೊಟ್ಟರೆ, ಅವನು ಆ ವಚನಗಳನ್ನೇ ದ್ವೇಷಿಸಲು ಕಲಿಯುತ್ತಾನೆ. ಜಗಳವಾದಾಗ ಪುಸ್ತಕ ಮುಚ್ಚಿ, ಇಬ್ಬರನ್ನೂ ಕೂರಿಸಿ, ಕ್ಷಮೆ ಕೇಳಿಸಿ, ಅಗತ್ಯವಿದ್ದರೆ ತಾಯಿಯೇ ತನ್ನ ಸಿಡುಕಿಗೆ ಕ್ಷಮೆ ಕೇಳಿ ಮುಂದುವರಿಯುವುದು ಆ ದಿನದ ಪಾಠವೇ ಆಗುತ್ತದೆ.

ಇಡೀ ದಿನ ಗುರುವಾಗಿರುವ ತಾಯಿ ಮಗುವಿಗೆ ತಾಯಿಯಾಗಿ ಸಿಗದೆಹೋಗುವ ಅಪಾಯವೂ ಉಂಟು. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯ ತಾಯಿ ಸುಸನ್ನಾ ವೆಸ್ಲಿ (1669–1742) ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದುದಲ್ಲದೆ, ವಾರದಲ್ಲಿ ಒಂದೊಂದು ಸಂಜೆಯನ್ನು ಒಂದೊಂದು ಮಗುವಿನ ಜೊತೆ ಏಕಾಂತದಲ್ಲಿ ಮಾತಾಡಲು ಮೀಸಲಿಟ್ಟಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ಹಾಗೆ ಕೂತಾಗ ಲೆಕ್ಕದ ತಪ್ಪನ್ನು ಎತ್ತಬಾರದು.

ಭಾನುವಾರ ಪಾಠ ಬೇಡ. ಕ್ರೈಸ್ತ ಸಭೆಯ (ಚರ್ಚಿನ) ಇತರ ಮಕ್ಕಳೊಡನೆ ಆಟ, ಗಾಯನವೃಂದದ ಅಭ್ಯಾಸ, ವೃದ್ಧರ ಭೇಟಿ ಇವುಗಳಿಗೆ ಜಾಗವಿರಲಿ. ಸಭೆಯ ಹೊರಗಿನ ಗೆಳೆಯರೂ ಬೇಕು.

ಮನೆಶಿಕ್ಷಣದ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದ್ದು, ಜರ್ಮನಿಯಂಥ ಕಡೆ ಅದಕ್ಕೆ ಬಹುತೇಕ ಅವಕಾಶವೇ ಇಲ್ಲದ ಕಾರಣ, ನೋಂದಣಿ ಮತ್ತು ಪರೀಕ್ಷೆಯ ನಿಯಮಗಳನ್ನು ಆರಂಭಕ್ಕೆ ಮೊದಲೇ ವಿಚಾರಿಸಿಕೊಳ್ಳಿ. ಓದಿದ ಪುಸ್ತಕಗಳ ಪಟ್ಟಿ, ಬರಹದ ಮಾದರಿಗಳು, ಹಾಜರಾತಿ ಇವನ್ನು ಪ್ರತಿ ಮಗುವಿಗೂ ಒಂದರಂತೆ ಕಡತ ಮಾಡಿ, ಪ್ರತಿ ಶನಿವಾರ ದಿನಾಂಕ ಹಾಕಿ ಸೇರಿಸುತ್ತಾ ಹೋದರೆ ಅಧಿಕಾರಿಗಳು ಕೇಳಿದ ದಿನ ಹುಡುಕಾಡಬೇಕಾಗುವುದಿಲ್ಲ.